ಒಂದು ಬೀದಿ, ನಾಲ್ಕು ಬೆಲೆ

ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಬೆಳಗಿನ ಹೊತ್ತು ಕಲ್ಲುಬೆಂಚಿನ ಮೇಲೆ ಕೂಡುವ ನಮ್ಮಂಥ ನಿವೃತ್ತರ ಮಾತು ಬಹುಕಾಲ ಮೂರು ವಿಷಯಗಳ ಸುತ್ತಲೇ ಸುಳಿಯುತ್ತಿತ್ತು: ಮಳೆ, ಮಂಡಿನೋವು, ಮಕ್ಕಳ ಉದ್ಯೋಗ. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಬಂದು ಸೇರಿಕೊಂಡು ಮಿಕ್ಕ ಮೂರನ್ನೂ ಬೆಂಚಿನ ತುದಿಗೆ ಸರಿಸಿಬಿಟ್ಟಿದೆ. "ನಿಮ್ಮ ರಸ್ತೆಯಲ್ಲಿ ಈಗ ಚದರಡಿಗೆ ಎಷ್ಟು ಹೇಳುತ್ತಿದ್ದಾರೆ?" ಎಂಬ ಪ್ರಶ್ನೆಯೇ ಅದು. ಮನೆ ಮಾರುವ ಉದ್ದೇಶ ಕೇಳಿದವರಿಗೂ ಇರುವುದಿಲ್ಲ, ಹೇಳಿದವರಿಗೂ ಇರುವುದಿಲ್ಲ. ಆದರೂ ಪ್ರಶ್ನೆ ಬಂದ ಕೂಡಲೇ ಬೆಂಚಿಗೆ ಜೀವ ಬರುತ್ತದೆ. ಒಬ್ಬರು ಒಂದು ಅಂಕಿ ಹೇಳುತ್ತಾರೆ; ಇನ್ನೊಬ್ಬರು ಅದಕ್ಕೆ ಮೂರು ಸಾವಿರ ಕೂಡಿಸುತ್ತಾರೆ; ಮತ್ತೊಬ್ಬರು "ಅದೆಲ್ಲ ಹೋದ ವರ್ಷದ ಮಾತು" ಎಂದು ತಲೆಯಾಡಿಸುತ್ತಾರೆ. ಮೂವರಲ್ಲಿ ಒಬ್ಬರೂ ಆ ಬೀದಿಯ ಒಂದು ಕ್ರಯಪತ್ರವನ್ನಾದರೂ ಕಣ್ಣಾರೆ ನೋಡಿರುವುದಿಲ್ಲ.

ನಾನು ಇತಿಹಾಸದ ಉಪಾಧ್ಯಾಯನಾಗಿದ್ದವನು. ಆಧಾರವಿಲ್ಲದ ಅಂಕಿಯನ್ನು ವಿದ್ಯಾರ್ಥಿ ಬರೆದರೆ ಅದರ ಕೆಳಗೆ ಕೆಂಪು ಗೆರೆ ಎಳೆಯುವುದು ಮೂವತ್ತು ವರ್ಷಗಳ ಅಭ್ಯಾಸ. ಹೀಗಿದ್ದೂ ಒಮ್ಮೆ ನಾನೇ ಬೆಂಚಿನ ಅಂಕಿಯನ್ನು ನಂಬಿ, ಅದನ್ನು ಇನ್ನೊಬ್ಬರಿಗೆ ಬುದ್ಧಿವಾದವಾಗಿ ಹೇಳಿದೆ. ಅದರ ಪರಿಣಾಮವನ್ನು ಕಂಡ ಮೇಲೆ, 2017ರ ಮೊದಲಲ್ಲಿ, ಒಂದು ದಪ್ಪ ನೋಟುಪುಸ್ತಕ ಕೊಂಡು ನಮ್ಮ ಬೀದಿಯಲ್ಲಿಯೂ ಅಕ್ಕಪಕ್ಕದ ನಾಲ್ಕು ಅಡ್ಡರಸ್ತೆಗಳಲ್ಲಿಯೂ ಮಾರಾಟವಾಗುವ ಮನೆಗಳ ಬೆಲೆಯನ್ನು ಬರೆದಿಡತೊಡಗಿದೆ. ಆ ಪುಸ್ತಕ ನನಗೆ ಕಲಿಸಿದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ಬುದ್ಧಿವಾದದ ಸಂಗತಿ. ನಮ್ಮ ಬೀದಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಇದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದರು. ಮನೆಯನ್ನು ಮಾರಿ ಮಗಳ ಊರಿನಲ್ಲಿ ಚಿಕ್ಕದೊಂದನ್ನು ಕೊಳ್ಳುವ ಯೋಚನೆ ಅವರದು. 2016ರ ಸೆಪ್ಟೆಂಬರಿನಲ್ಲಿ ಒಬ್ಬ ಕೊಳ್ಳುವವನು ಬಂದ. ಅವನು ಹೇಳಿದ ಮೊತ್ತ ಚೆನ್ನಾಗಿತ್ತು. ಆದರೆ ಅದರ ಒಂದು ಭಾಗವನ್ನು ಮಾತ್ರ ಪತ್ರದಲ್ಲಿ ಕಾಣಿಸಿ, ಉಳಿದುದನ್ನು ನಗದಾಗಿ ಕೈಗೆ ಕೊಡುತ್ತೇನೆಂದ. ಆಕೆ ನನ್ನನ್ನು ಕರೆದು, "ಮೇಷ್ಟ್ರೇ, ಸುಳ್ಳು ಬರೆದ ಪತ್ರಕ್ಕೆ ನಾನು ರುಜು ಹಾಕಲಾರೆ. ಆದರೆ ಈ ಮೊತ್ತ ನ್ಯಾಯವಾದುದೇ? ಬಿಟ್ಟರೆ ಇನ್ನೊಬ್ಬರು ಸಿಕ್ಕುತ್ತಾರೆಯೇ?" ಎಂದು ಕೇಳಿದರು. ನಾನು ಕೊಂಚವೂ ತಡೆಯದೆ, "ಸಿಕ್ಕುತ್ತಾರಮ್ಮ. ಇನ್ನೂ ಹೆಚ್ಚೇ ಬರುತ್ತದೆ. ಈ ಬೀದಿಯಲ್ಲಿ ಬೆಲೆ ಇಳಿದದ್ದುಂಟೇ?" ಎಂದುಬಿಟ್ಟೆ. ಅದು ನನ್ನ ತಿಳಿವಳಿಕೆಯಾಗಿರಲಿಲ್ಲ, ಕಲ್ಲುಬೆಂಚಿನ ತಿಳಿವಳಿಕೆಯಾಗಿತ್ತು. ಆಕೆ ಆ ಕೊಳ್ಳುವವನನ್ನು ಕಳುಹಿಸಿಬಿಟ್ಟರು. ನವೆಂಬರ್ 8ರ ರಾತ್ರಿ ಐನೂರು, ಸಾವಿರ ರೂಪಾಯಿಗಳ ನೋಟುಗಳು ರದ್ದಾದವು. ಅಲ್ಲಿಂದ ಒಂದು ವರ್ಷಕ್ಕೂ ಮಿಕ್ಕು ಆ ಮನೆಯ ಗೇಟನ್ನು ತೆರೆದು ಒಳಗೆ ಬಂದ ಕೊಳ್ಳುವವರು ವಿರಳ.

ನ್ಯಾಯವಾದ ಬೆಲೆ ಎಷ್ಟು ಎಂಬ ಆಕೆಯ ಪ್ರಶ್ನೆಗೆ ಉತ್ತರ ಕೊಡಲು ನಾನು ಏನನ್ನು ನೋಡಬೇಕಾಗಿತ್ತು? ನೋಟುಪುಸ್ತಕ ಹಿಡಿದು ಹೊರಟಾಗ ಎದುರಾದ ಮೊದಲ ಕಷ್ಟವೇ ಇದು. ನಮ್ಮಲ್ಲಿ ಒಂದು ಮನೆಗೆ ಒಂದು ಬೆಲೆ ಇಲ್ಲ, ನಾಲ್ಕು ಬೆಲೆಗಳುಂಟು. ಮೊದಲನೆಯದು ಹೇಳುವ ಬೆಲೆ. ಗೇಟಿಗೆ ತೂಗುಹಾಕಿದ ಹಲಗೆಯ, ಜಾಹೀರಾತಿನ, ದಲ್ಲಾಳಿಯ ಬಾಯಿನ ಬೆಲೆ ಅದು. ಎರಡನೆಯದು ಸರ್ಕಾರದ ಬೆಲೆ. ಕಾಗದದಲ್ಲಿ ಮಾರ್ಗಸೂಚಿ ದರವೆಂದೂ, ಬೀದಿಯಲ್ಲಿ ಎಸ್.ಆರ್. ವ್ಯಾಲ್ಯೂ ಎಂದೂ ಅದಕ್ಕೆ ಹೆಸರು. ಮೂರನೆಯದು ಪತ್ರದ ಬೆಲೆ; ಸಬ್‌ರಿಜಿಸ್ಟ್ರಾರರ ಎದುರಿನಲ್ಲಿ ಉಭಯತ್ರರೂ ಒಪ್ಪಿ ಬರೆಸಿದ್ದು. ನಾಲ್ಕನೆಯದು ಕೊಟ್ಟ ಬೆಲೆ. ಕೊಳ್ಳುವವನ ಮನೆಯಿಂದ ನಿಜವಾಗಿ ಹೊರಟು ಮಾರುವವನ ಮನೆಯನ್ನು ಸೇರಿದ್ದು. ಮೊದಲ ಮೂರನ್ನು ಯಾರು ಬೇಕಾದರೂ ತಿಳಿಯಬಹುದು. ತಿಳಿಯಬೇಕಾದದ್ದು ಮಾತ್ರ ನಾಲ್ಕನೆಯದು.

ಇವು ನಾಲ್ಕೂ ಬೇರೆಬೇರೆಯಾಗಿರುವುದಕ್ಕೆ ಮನುಷ್ಯನ ದುರಾಶೆಯೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಲೆಕ್ಕವನ್ನು ಸ್ವಲ್ಪ ನೋಡೋಣ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿಗಳನ್ನು ಮೀರಿದ ಮನೆಯ ಕ್ರಯಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಉಪಕರ, ಅಧಿಭಾರ. ನೋಂದಣಿ ಶುಲ್ಕ ನೂರಕ್ಕೆ 1 ಇದ್ದುದು 2025ರ ಆಗಸ್ಟ್ 31ರಿಂದ 2 ಆಯಿತು. ಎಲ್ಲ ಸೇರಿ ನಗರದಲ್ಲಿ ನೂರಕ್ಕೆ ಸುಮಾರು 7.6. ಒಂದು ಕೋಟಿ ಕೊಟ್ಟು ಮನೆ ಕೊಂಡವನು ಅದನ್ನು ಹಾಗೆಯೇ ಬರೆಸಿದರೆ 7,60,000 ರೂಪಾಯಿ ತೆರಬೇಕು. ಅರವತ್ತು ಲಕ್ಷವೆಂದು ಬರೆಸಿದರೆ 4,56,000. ಅಂದರೆ ಒಂದು ಸುಳ್ಳಿನ ಉಳಿತಾಯ 3,04,000 ರೂಪಾಯಿ. ಮಾರುವವನಿಗೂ ಲಾಭದ ಮೇಲಿನ ಆದಾಯ ತೆರಿಗೆ ಕಡಿಮೆಯಾಗುತ್ತದೆ. ಸತ್ಯಕ್ಕೆ ಇಷ್ಟು ದಂಡ ವಿಧಿಸಿ, ಜನ ಸತ್ಯವನ್ನೇಕೆ ನುಡಿಯುವುದಿಲ್ಲವೆಂದು ಆಶ್ಚರ್ಯಪಡುವುದು ಹೇಗೆ?

ಈ ಸುಳ್ಳನ್ನು ತಡೆಯಲೆಂದೇ ಸರ್ಕಾರದ ಬೆಲೆ ಹುಟ್ಟಿತು. 1957ರ ಕರ್ನಾಟಕ ಮುದ್ರಾಂಕ ಕಾಯಿದೆಯಲ್ಲಿ 45-ಎ ಎಂಬ ಕಲಮಿದೆ. ಪತ್ರದ ಬೆಲೆ ಮಾರುಕಟ್ಟೆಯ ಬೆಲೆಗಿಂತ ಕಡಿಮೆಯೆಂದು ತೋರಿದರೆ ಅದನ್ನು ವಿಚಾರಣೆಗೆ ಒಪ್ಪಿಸುವ ಅಧಿಕಾರ ನೋಂದಣಾಧಿಕಾರಿಗೆ ಅದರಿಂದ ಬರುತ್ತದೆ. ಬೀದಿಬೀದಿಯ ದರವನ್ನು ಗೊತ್ತುಮಾಡಲು 45-ಬಿ ಕಲಮಿನ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿಯುಂಟು. ವ್ಯವಸ್ಥೆ ಕಾಗದದಲ್ಲಿ ಸರಿಯಾಗಿಯೇ ಇದೆ. ಆದರೆ ದರಗಳನ್ನು ವರ್ಷವರ್ಷವೂ ತಿದ್ದುವುದಿಲ್ಲ. ಕೆಲವು ವರ್ಷ ಹಾಗೆಯೇ ಬಿಟ್ಟು, 2023ರ ಅಕ್ಟೋಬರ್ 1ರಂದು ಮಾಡಿದಂತೆ, ಒಮ್ಮೆಗೇ ಏರಿಸುವುದುಂಟು. ನಡುವಿನ ವರ್ಷಗಳಲ್ಲಿ ಮಾರುಕಟ್ಟೆ ಎಲ್ಲಿಯೋ, ದರ ಎಲ್ಲಿಯೋ. ಸರ್ಕಾರದ ದರಕ್ಕಿಂತ ತೀರ ಕೆಳಗೆ ಬರೆಸಿದರೆ ಆದಾಯ ತೆರಿಗೆಯವರೂ ಸುಮ್ಮನಿರುವುದಿಲ್ಲ. ಆ ದರವನ್ನೇ ನಿಜವಾದ ಬೆಲೆಯೆಂದು ಎಣಿಸುತ್ತಾರೆ. ಹೀಗಾಗಿ ಜನ ಏನು ಮಾಡುತ್ತಾರೆ? ಸರ್ಕಾರದ ದರಕ್ಕೆ ಸರಿಯಾಗಿ, ಒಂದು ಕೂದಲೆಳೆಯಷ್ಟು ಮೇಲೆ ಬರೆಸುತ್ತಾರೆ. ಮುಂದಿನ ಸಲ ದರವನ್ನು ಗೊತ್ತುಮಾಡುವಾಗ ಅಧಿಕಾರಿಗಳು ಯಾವುದನ್ನು ನೋಡಬೇಕು? ನೋಂದಣಿಯಾದ ಪತ್ರಗಳನ್ನೇ. ಪತ್ರ ದರವನ್ನು ನೋಡಿ ಬರೆಯಿತು. ದರ ಪತ್ರವನ್ನು ನೋಡಿ ಹುಟ್ಟಿತು. ಇಬ್ಬರು ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳಿಕೆ ಕೊಟ್ಟಂತಾಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಕಡಿಮೆ ಬರೆಸಿ ಕೊಂಡವನು ನಾಳೆ ಮಾರುವಾಗ ಪೂರ್ತಿ ಬೆಲೆಯನ್ನು ತೋರಿಸಿದರೆ, ಅವನು ಕಾಣದ ಲಾಭಕ್ಕೂ ತೆರಿಗೆ ತೆರಬೇಕಾಗುತ್ತದೆ. ಅದರಿಂದ ಅವನೂ ಕಡಿಮೆಯೇ ಬರೆಸುತ್ತಾನೆ. ಮನೆಯ ಜೊತೆಗೆ ಸುಳ್ಳೂ ಕೈಯಿಂದ ಕೈಗೆ ದಾಟುತ್ತದೆ. ಹಲವು ಮನೆಗಳಲ್ಲಿ ಅದು ಪಿತ್ರಾರ್ಜಿತವೂ ಆಗಿದೆ. ಇದಕ್ಕೆ ಒಂದು ಅಪವಾದವುಂಟು. ಸಂಬಳದವನು ಬ್ಯಾಂಕಿನ ಸಾಲದಿಂದ ಫ್ಲ್ಯಾಟು ಕೊಳ್ಳುವಾಗ ಪತ್ರದ ಬೆಲೆ ನಿಜಕ್ಕೆ ಹತ್ತಿರವಿರುತ್ತದೆ. ಪತ್ರದಲ್ಲಿ ಕಾಣದ ಹಣಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಆದ್ದರಿಂದ ನಗರದ ಹೊರವಲಯದ ಹೊಸ ಕಟ್ಟಡಗಳ ಬೆಲೆ ನಮಗೆ ಒಂದಿಷ್ಟು ಗೊತ್ತು. ಗೊತ್ತಿಲ್ಲದ್ದು ಹಳೆಯ ಬಡಾವಣೆಗಳ ಹಳೆಯ ಮನೆಗಳದು. 1898ರ ಪ್ಲೇಗಿನ ತರುವಾಯ ಜನ ಬಂದು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲದ ಬೆಲೆ ದೊಡ್ಡದು. ಅಷ್ಟೇ ದೊಡ್ಡದು ಅದರ ಮೇಲಿನ ಮಬ್ಬು.

ಈಗ ನನ್ನ ಪುಸ್ತಕದ ವಿಚಾರ. ಒಂದೊಂದು ಮನೆಗೆ ಒಂದೊಂದು ಪುಟ. ನಿವೇಶನದ ಅಳತೆ, ಮುಖ ಯಾವ ದಿಕ್ಕಿಗೆ, ರಸ್ತೆಯ ಅಗಲ, ಖಾತೆಯ ಸ್ಥಿತಿ, ಮನೆಯ ವಯಸ್ಸು, ಆಮೇಲೆ ಹೇಳಿದ ಬೆಲೆ, ಹೇಳಿದ ದಿನಾಂಕ, ಮಾತು ಮುಗಿದ ದಿನಾಂಕ, ಪತ್ರದ ಬೆಲೆ, ನಂಬತಕ್ಕವರು ಗುಟ್ಟಾಗಿ ಹೇಳಿದ ಕೊಟ್ಟ ಬೆಲೆ. ಪತ್ರದ ಬೆಲೆ ಸಿಕ್ಕುವುದು ಕಷ್ಟವಲ್ಲ. ಸ್ವತ್ತಿನ ವಿವರ ಕೊಟ್ಟು, ನಿಗದಿಯಾದ ಶುಲ್ಕ ಕಟ್ಟಿದರೆ ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದ, ಇಲಾಖೆಯ 'ಕಾವೇರಿ' ವ್ಯವಸ್ಥೆಯಲ್ಲಿ ದೊರೆಯುತ್ತದೆ. ಅದರಲ್ಲಿ ಬೆಲೆಯೂ ಇರುತ್ತದೆ. ಕೊಟ್ಟ ಬೆಲೆ ಸಿಕ್ಕುವುದು ಕಷ್ಟ. ಮಾರಿದವರು ಅದನ್ನು ಏರಿಸಿ ಹೇಳುತ್ತಾರೆ, ಮೋಸಹೋದವರೆನ್ನಿಸಿಕೊಳ್ಳಬಾರದೆಂದು. ಕೊಂಡವರು ಇಳಿಸಿ ಹೇಳುತ್ತಾರೆ, ಅದೇ ಕಾರಣಕ್ಕೆ. ಮದುವೆಯ ಖರ್ಚಿನ ಹಾಗೆ, ಮನೆಯ ಬೆಲೆಯಲ್ಲಿಯೂ ಮಾನ ಸೇರಿಕೊಂಡಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಾನು ಗಮನಿಸುವ ಐದು ಬೀದಿಗಳಲ್ಲಿ ವರ್ಷಕ್ಕೆ ನಾಲ್ಕೈದು ಮನೆ ಮಾರಾಟವಾದರೆ ಹೆಚ್ಚು. ಒಂದು ವರ್ಷ ಮೂಲೆಯ ದೊಡ್ಡ ಮನೆ ಮಾರಾಟವಾಗಿ, ಮರುವರ್ಷ ಓಣಿಯೊಳಗಿನ 30×40ರ ನಿವೇಶನ ಮಾರಾಟವಾದರೆ, ಬೆಲೆ ಬಿತ್ತೆಂದು ಹೇಳುವುದು ಸರಿಯೇ? ಬಿದ್ದದ್ದು ಬೆಲೆಯಲ್ಲ, ಬದಲಾದದ್ದು ಮನೆ. ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ತೊಡಕೇ ಇದು: ಹೋಲಿಸಬಾರದ ಎರಡನ್ನು ಹೋಲಿಸುವುದು.

ಇದಕ್ಕೆ ಪಂಡಿತರು ಕಂಡುಕೊಂಡ ಉಪಾಯ ಸರಳವಾದದ್ದು. ಒಂದೇ ಮನೆ ಎರಡು ಸಲ ಮಾರಾಟವಾದಾಗ ಮಾತ್ರ ಅದರ ಎರಡು ಬೆಲೆಗಳನ್ನು ಹೋಲಿಸುವುದು. 1963ರಲ್ಲಿ ಅಮೆರಿಕದ ಬೇಲಿ, ಮೂತ್, ನೌರ್ಸ್ ಎಂಬ ಮೂವರು ಈ ರೀತಿಯನ್ನು ಗಣಿತದ ಕ್ರಮಕ್ಕೆ ತಂದರು. ಕೇಸ್ ಮತ್ತು ಶಿಲ್ಲರ್ ಎಂಬವರು 1980ರ ದಶಕದಲ್ಲಿ ಅದನ್ನು ಬೆಳೆಸಿದರು. ಇದರ ಅತ್ಯಂತ ಸುಂದರವಾದ ಉದಾಹರಣೆ ಡಚ್ಚರ ನಾಡಿನದು. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹೆರೆನ್‌ಗ್ರಾಹ್ತ್ ಎಂಬ ಕಾಲುವೆಯುಂಟು. ಅದರ ದಡದ ಮನೆಗಳು ಶತಮಾನಗಳಿಂದ ಹೆಚ್ಚು ಬದಲಾಗದೆ ನಿಂತಿವೆ. ಅವುಗಳ ಕ್ರಯದ ದಾಖಲೆಗಳೂ ಉಳಿದಿವೆ. ಪೀಟ್ ಐಕ್‌ಹೋಲ್ಟ್ಸ್ ಎಂಬ ವಿದ್ವಾಂಸರು 1628ರಿಂದ 1973ರವರೆಗಿನ ಆ ದಾಖಲೆಗಳನ್ನು ಜೋಡಿಸಿ 1997ರಲ್ಲಿ ಒಂದು ಸೂಚ್ಯಂಕವನ್ನು ಪ್ರಕಟಿಸಿದರು. ಹಣದ ಮೌಲ್ಯದ ಇಳಿತವನ್ನು ಕಳೆದು ನೋಡಿದರೆ, ಮೂರೂವರೆ ಶತಮಾನಗಳಲ್ಲಿ ಅಲ್ಲಿಯ ಮನೆಗಳ ಬೆಲೆ ಹೆಚ್ಚುಕಡಿಮೆ ಎರಡರಷ್ಟು ಮಾತ್ರ ಆಯಿತೆಂದು ಅದು ತೋರಿಸಿತು. ನಡುವೆ ಏರಿದ್ದುಂಟು, ಬಿದ್ದದ್ದುಂಟು. ಒಂದು ತಲೆಮಾರಿನವರು ಏರಿಕೆಯನ್ನು ಮಾತ್ರ ಕಂಡು ಅದೇ ಜಗತ್ತಿನ ನಿಯಮವೆಂದು ನಂಬಿದ್ದರೆ ಅವರನ್ನು ದೂರುವಂತಿಲ್ಲ. "ಈ ಬೀದಿಯಲ್ಲಿ ಬೆಲೆ ಇಳಿದದ್ದುಂಟೇ?" ಎಂದ ನನ್ನ ಮಾತಿಗೆ ಆ ಕಾಲುವೆಯ ದಡದಿಂದ ಬಂದ ಉತ್ತರದಂತೆ ನಾನು ಅದನ್ನು ಓದಿದೆ.

ಆದರೆ ಆ ಉಪಾಯ ನಮ್ಮ ಬೀದಿಗೆ ಒಗ್ಗುವುದಿಲ್ಲ. ಹೆರೆನ್‌ಗ್ರಾಹ್ತಿನಲ್ಲಿ ಮನೆ ನಿಂತಿದೆ. ನಮ್ಮಲ್ಲಿ ಮನೆ ನಿಲ್ಲುವುದಿಲ್ಲ. ಹೆಂಚಿನ ಸೂರು, ಜಗುಲಿ, ಹಿತ್ತಿಲ ಬಾವಿ ಇದ್ದ ಮನೆ ಮಾರಾಟವಾದ ಮೂರನೆಯ ತಿಂಗಳಿಗೆ ನೆಲಸಮವಾಗುತ್ತದೆ. ಅದೇ ಅಳತೆಯ ನೆಲದ ಮೇಲೆ ನಾಲ್ಕು ಅಂತಸ್ತು ಏಳುತ್ತದೆ. ಒಂದೊಂದು ಅಂತಸ್ತಿಗೂ ಒಂದೊಂದು ಪತ್ರ. ಎರಡನೆಯ ಸಲ ಮಾರಾಟವಾಗುವಾಗ ಅದು ಆ ಮನೆಯೇ ಅಲ್ಲ. ಹೀಗಾಗಿ ನನ್ನ ಪುಸ್ತಕದಲ್ಲಿ ನಾನು ಮನೆಯ ಬೆಲೆಯೆಂದು ಬರೆದದ್ದು ಬಹುಮಟ್ಟಿಗೆ ನೆಲದ ಬೆಲೆ. ಕಟ್ಟಿದ ಗೋಡೆಗೆ, ಬೀಟೆಯ ಬಾಗಿಲಿಗೆ, ಮುಖ್ಯೋಪಾಧ್ಯಾಯರು ತಾವೇ ನೀರೆರೆದ ಸಂಪಿಗೆಯ ಮರಕ್ಕೆ ಅದರಲ್ಲಿ ಅಂಕಿಯಿಲ್ಲ.

ಸರ್ಕಾರದ ಸಂಸ್ಥೆಗಳು ಪ್ರಕಟಿಸುವ ಸೂಚ್ಯಂಕಗಳಿವೆಯಲ್ಲ, ಅವನ್ನು ನೋಡಬಾರದೇ ಎಂದು ವಾಚಕರು ಕೇಳಬಹುದು. ನೋಡಬೇಕು, ಅವುಗಳ ಮಿತಿಯನ್ನೂ ನೋಡಬೇಕು. ರಾಷ್ಟ್ರೀಯ ವಸತಿ ಬ್ಯಾಂಕು 2007ರ ಜುಲೈಯಲ್ಲಿ 'ರೆಸಿಡೆಕ್ಸ್' ಎಂಬ ಸೂಚ್ಯಂಕವನ್ನು ಐದು ನಗರಗಳಿಗೆ ಆರಂಭಿಸಿತು. ಬೆಂಗಳೂರು ಅವುಗಳಲ್ಲಿ ಒಂದು. ಈಗಿನ ಅದರ ಒಂದು ಸೂಚ್ಯಂಕ ಸಾಲ ಕೊಡುವ ಸಂಸ್ಥೆಗಳು ಮಾಡಿಸಿದ ಮೌಲ್ಯಮಾಪನವನ್ನು ಆಧರಿಸುತ್ತದೆ. ರಿಜರ್ವ್ ಬ್ಯಾಂಕಿನದು ಇನ್ನೊಂದು. 2010-11ನ್ನು 100 ಎಂದಿಟ್ಟುಕೊಂಡು ಹತ್ತು ನಗರಗಳಿಗೆ ಅದು ಬಹುಕಾಲ ನಡೆದುಬಂತು. ಅದಕ್ಕೆ ಆಧಾರ ನೋಂದಣಿ ಕಚೇರಿಗಳ ಅಂಕಿಗಳು. ಎರಡೂ ಶ್ರಮದಿಂದ, ಪ್ರಾಮಾಣಿಕತೆಯಿಂದ ಮಾಡಿದ ಕೆಲಸಗಳು. ಆದರೆ ಹಾಲಿನಲ್ಲಿ ಬೆರೆತ ನೀರು ಬೆಣ್ಣೆ ತೆಗೆಯುವವನ ತಪ್ಪಲ್ಲ. ಸಾಲವಿಲ್ಲದೆ ಕೊಂಡ ಮನೆ ಮೊದಲನೆಯದಕ್ಕೆ ಕಾಣುವುದಿಲ್ಲ. ಪತ್ರದಲ್ಲಿಲ್ಲದ ಹಣ ಎರಡನೆಯದಕ್ಕೆ ಕಾಣುವುದಿಲ್ಲ. ಇಡೀ ಬೆಂಗಳೂರಿಗೆ ಒಂದು ಅಂಕಿಯೆಂದರೆ ದೇವನಹಳ್ಳಿಗೂ ಬಸವನಗುಡಿಗೂ ಒಂದೇ ಜ್ವರಮಾಪಕ ಇಟ್ಟಂತೆ.

ಇನ್ನು, ಪೇಟೆ ಅನಿಶ್ಚಿತವಾಗಿರುವಾಗ ಏನಾಗುತ್ತದೆ? ನನ್ನ ಪುಸ್ತಕದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವ ಪುಟಗಳು 2017ರವು. ಅವುಗಳಲ್ಲಿ ಬರೆದದ್ದು ಬಹಳ ಕಡಿಮೆ. ನೋಟು ರದ್ದಿನ ಹಿಂದೆಯೇ ಆ ವರ್ಷದ ಮೇ ತಿಂಗಳಲ್ಲಿ ರೇರಾ ಕಾಯಿದೆ ಪೂರ್ಣವಾಗಿ ಜಾರಿಗೆ ಬಂತು, ಜುಲೈಯಲ್ಲಿ ಜಿ.ಎಸ್.ಟಿ. ಬಂತು. ಕಟ್ಟುವವರು ತಡೆದರು, ಕೊಳ್ಳುವವರು ಕಾದರು. ಆದರೆ ಗೇಟುಗಳ ಮೇಲಿನ ಹಲಗೆಗಳಲ್ಲಿ ಬೆಲೆ ಇಳಿಯಲಿಲ್ಲ! ಮಾರುವವನು ಇಳಿಸುವುದಕ್ಕಿಂತ ಕಾಯುವುದನ್ನೇ ಮೆಚ್ಚುತ್ತಾನೆ. ಪಕ್ಕದ ಮನೆಯವನಿಗೆ ಬಂದುದಕ್ಕಿಂತ ಕಡಿಮೆಗೆ ಕೊಡುವುದು ಅವನಿಗೆ ನಷ್ಟವಾಗಿ ಅಲ್ಲ, ಸೋಲಾಗಿ ತೋರುತ್ತದೆ. ತರಕಾರಿ ಪೇಟೆಯಲ್ಲಿ ಸಂಜೆಯಾದರೆ ಟೊಮೇಟೊ ಬೆಲೆ ಇಳಿಯುತ್ತದೆ. ಮನೆಯ ಪೇಟೆಯಲ್ಲಿ ಸಂಜೆಯಾದರೆ ವ್ಯಾಪಾರವೇ ನಿಲ್ಲುತ್ತದೆ. ಆದ್ದರಿಂದ ಬೆಲೆಯೊಂದನ್ನೇ ನೋಡುವವನಿಗೆ ಪೇಟೆ ಕುಸಿದದ್ದು ತಿಳಿಯುವುದೇ ಇಲ್ಲ. ಎಷ್ಟು ಮನೆ ಮಾರಾಟವಾದವು, ಹಲಗೆ ತೂಗಿದ ದಿನದಿಂದ ಇಳಿದ ದಿನದವರೆಗೆ ಎಷ್ಟು ತಿಂಗಳಾಯಿತು, ಇವನ್ನೂ ನೋಡಬೇಕು. ಖಾಲಿ ಪುಟವೂ ಒಂದು ವರದಿ.

ಈಚಿನ ವರ್ಷಗಳ ಅನಿಶ್ಚಯ ಬೇರೆ ಬಗೆಯದು. ರಿಜರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಲ್ಲಿ ನೂರಕ್ಕೆ 4ಕ್ಕೆ ಇಳಿದಿತ್ತು. 2023ರ ಫೆಬ್ರುವರಿಗೆ 6.5ಕ್ಕೆ ಏರಿತು, 2025ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರಿಗೆ 5.25 ಆಯಿತು. ಸಾಲದ ಕಂತು ಇದರೊಡನೆ ಕುಣಿಯುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕಾವೇರಿ ನೀರು ಬಾರದ ಹೊರವಲಯದ ಬಡಾವಣೆಗಳು ಟ್ಯಾಂಕರಿನ ದಾರಿ ಕಾದವು. ಮನೆ ಕೊಳ್ಳುವವರು ಅಲ್ಲಿಂದೀಚೆಗೆ ಅಡಿಗೆಮನೆಗಿಂತ ಮೊದಲು ನೀರಿನ ತೊಟ್ಟಿಯನ್ನು ನೋಡುತ್ತಾರೆ. ಅದೇ ವರ್ಷದ ಜುಲೈ 23ರಿಂದ ಸ್ವತ್ತಿನ ಲಾಭದ ಮೇಲಿನ ತೆರಿಗೆಯ ಕ್ರಮ ಬದಲಾಯಿತು. ಅಕ್ಟೋಬರಿನಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ ಬೇಕಾಯಿತು. ಕಾಗದ ಸರಿಯಿಲ್ಲದ ಮನೆಯವರು ಅಲೆದಾಡಿದರು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ತೆರೆಯಿತು. ಇವುಗಳಲ್ಲಿ ಒಂದು ಬೆಲೆಯನ್ನು ಮೇಲಕ್ಕೆಳೆಯುತ್ತದೆ, ಒಂದು ಕೆಳಕ್ಕೆ. ಅದೂ ಎಲ್ಲ ಬೀದಿಗಳಲ್ಲಿಯೂ ಒಂದೇ ಸಮನಾಗಿ ಅಲ್ಲ. "ಬೆಂಗಳೂರಿನಲ್ಲಿ ಬೆಲೆ ಏರಿದೆ" ಎಂಬ ಮಾತಿಗೆ ಅರ್ಥ ಬರಬೇಕಾದರೆ ಯಾವ ಬೀದಿ, ಯಾವ ಬಗೆಯ ಮನೆ, ಎಂದಿನಿಂದ ಎಂದಿಗೆ, ನಾಲ್ಕರಲ್ಲಿ ಯಾವ ಬೆಲೆ ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು.

ಈ ಪ್ರಶ್ನೆಗಳು ಬರಿಯ ಶಾಸ್ತ್ರಾರ್ಥವಲ್ಲವೆಂಬುದನ್ನು ಮುಖ್ಯೋಪಾಧ್ಯಾಯರ ಮನೆಯ ಪುಟವೇ ತೋರಿಸುತ್ತದೆ. ಆ ಮನೆ ಕೊನೆಗೆ 2018ರಲ್ಲಿ ಮಾರಾಟವಾಯಿತು. ಮೊತ್ತವನ್ನು ಹೇಳುವುದು ಉಚಿತವಲ್ಲ. 2016ರಲ್ಲಿ ಮೊದಲ ಕೊಳ್ಳುವವನು ಒಪ್ಪಿದ್ದನ್ನು 100 ಎಂದಿಟ್ಟುಕೊಳ್ಳಿರಿ. ಅದರಲ್ಲಿ 60 ಪತ್ರಕ್ಕೆ, 40 ಕೈಗೆ ಎಂದು ಅವನು ಹೇಳಿದ್ದ. 2018ರಲ್ಲಿ ಆಕೆಗೆ ಬಂದದ್ದು 90. ಪೂರ್ತಿ ಬ್ಯಾಂಕಿನ ಮೂಲಕ, ಪೂರ್ತಿ ಪತ್ರದಲ್ಲಿ. ನಿಜವಾದ ಬೆಲೆ ಹತ್ತರಲ್ಲಿ ಒಂದು ಪಾಲು ಬಿದ್ದಿತ್ತು. ಆದರೆ ಮೊದಲ ವ್ಯಾಪಾರ ನಡೆದು ಆಮೇಲೆ ಎರಡನೆಯದೂ ನಡೆದಿದ್ದರೆ, ನೋಂದಣಿ ಪುಸ್ತಕ ಏನು ಹೇಳುತ್ತಿತ್ತು? 60 ಇದ್ದದ್ದು 90 ಆಯಿತು, ಬೆಲೆ ಒಂದೂವರೆಯಷ್ಟಾಯಿತು ಎಂದು! ಬಿದ್ದ ಪೇಟೆಯನ್ನು ಏರಿದ ಪೇಟೆಯೆಂದು ಅದು ಸಾರುತ್ತಿತ್ತು. ಸುಳ್ಳು ಕಡಿಮೆಯಾದುದನ್ನೇ ಬೆಲೆ ಹೆಚ್ಚಾದುದೆಂದು ಓದುವ ಅಪಾಯ ನಮ್ಮ ಎಲ್ಲ ಅಂಕಿಗಳಲ್ಲಿಯೂ ಇದೆ.

ನನ್ನ ಬುದ್ಧಿವಾದದ ಫಲವೇನಾಯಿತೆಂದು ನಾನು ಬಹಳ ದಿನ ಲೆಕ್ಕ ಹಾಕಿದ್ದೇನೆ. ಕಾಯಿರೆಂದದ್ದರಿಂದ ಆಕೆ 10 ಕಳೆದುಕೊಂಡರು. ಒಂದೂವರೆ ವರ್ಷ ಒಂಟಿಯಾಗಿ ಆ ಮನೆಯಲ್ಲಿ ಉಳಿದರು. ಆದರೆ ಸೆಪ್ಟೆಂಬರಿನಲ್ಲಿ ಆ 40ನ್ನು ಹಳೆಯ ನೋಟುಗಳಲ್ಲಿ ತೆಗೆದುಕೊಂಡಿದ್ದರೆ ನವೆಂಬರಿನಲ್ಲಿ ಅವರ ಗತಿಯೇನಾಗುತ್ತಿತ್ತು? ಅದರಿಂದ ಅವರನ್ನು ಉಳಿಸಿದ್ದು ನನ್ನ ಮಾತಲ್ಲ, ಸುಳ್ಳಿಗೆ ರುಜು ಹಾಕಲಾರೆನೆಂಬ ಅವರ ಹಟ. ನನ್ನ ಪಾಲಿಗೆ ಬರುವುದು ಕಳೆದುಹೋದ ಆ 10 ಮಾತ್ರ. ಊರು ಬಿಡುವ ದಿನ ಅವರು, "ಪರವಾಗಿಲ್ಲ ಮೇಷ್ಟ್ರೇ, ನೀವು ಒಳ್ಳೆಯದಕ್ಕೇ ಹೇಳಿದಿರಿ" ಎಂದರು. ಆ ಮಾತು ಇನ್ನೂ ನನ್ನನ್ನು ಚುಚ್ಚುತ್ತದೆ.

ಕಥೆಗೆ ಇನ್ನೊಂದು ತುದಿಯಿದೆ. ಪೂರ್ತಿ ಬೆಲೆಯನ್ನು ಬರೆಸಿದ ಸುದ್ದಿ ತಿಳಿದಾಗ ನಮ್ಮ ಬೀದಿಯ ಕೆಲವರು ಸಂತೋಷಪಡಲಿಲ್ಲ, ಸಿಟ್ಟಾದರು. "ಆಯಮ್ಮ ಹೋಗುತ್ತ ಹೋಗುತ್ತ ನಮ್ಮ ರಸ್ತೆಯ ಎಸ್.ಆರ್. ವ್ಯಾಲ್ಯೂ ಏರಿಸಿ ಹೋದರು" ಎಂದು ಒಬ್ಬರು ನನ್ನೊಡನೆಯೇ ದೂರಿದರು. ಒಂದು ಪತ್ರದಿಂದ ದರ ಏರುವುದಿಲ್ಲ. ಆದರೆ ಅವರ ಭಯದಲ್ಲಿ ತರ್ಕವಿತ್ತು. ಸುಳ್ಳು ಎಲ್ಲರ ಸಾಮಾನ್ಯ ಸ್ವತ್ತಾದ ಬೀದಿಯಲ್ಲಿ ನಿಜ ಹೇಳಿದವರು ಎಲ್ಲರ ಬೇಲಿ ಮುರಿದಂತೆ ಕಾಣುತ್ತಾರೆ. ಅದೇ ಜನ ಕಲ್ಲುಬೆಂಚಿನ ಮೇಲೆ ಕುಳಿತು, "ನಿಜವಾದ ಬೆಲೆ ಯಾರೂ ಹೇಳುವುದಿಲ್ಲ ನೋಡಿ" ಎಂದು ಗೊಣಗುವುದನ್ನೂ ನಾನು ಕೇಳಿದ್ದೇನೆ.

ಬೇರೆ ಕಡೆ ಇದಕ್ಕೆ ಏನು ಮಾಡಿದ್ದಾರೆ? ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಭೂ ನೋಂದಣಿ ಸಂಸ್ಥೆ 1995ರಿಂದೀಚಿನ ಮನೆ ಮಾರಾಟಗಳ ಬೆಲೆಯನ್ನು ವಿಳಾಸ, ದಿನಾಂಕಗಳೊಡನೆ ಯಾರಿಗಾದರೂ ಉಚಿತವಾಗಿ ಕೊಡುತ್ತದೆ. ಅಲ್ಲಿಯೂ ಮನೆ ಕೊಂಡವರು ತೆರಿಗೆ ತೆರುತ್ತಾರೆ. ಅಲ್ಲಿಯವರೇನೂ ಹರಿಶ್ಚಂದ್ರನ ವಂಶದವರಲ್ಲ. ಆದರೆ ಬೀದಿಯ ಬೆಲೆ ಬೀದಿಗೆಲ್ಲ ತಿಳಿದಿರುವಲ್ಲಿ ವಿಧವೆಯೊಬ್ಬಳು ಮೇಷ್ಟ್ರನ್ನು ಕರೆದು ಕೇಳಬೇಕಾಗಿಲ್ಲ. ನಮ್ಮಲ್ಲಿ ದಾಖಲೆ ಮುಚ್ಚಿಲ್ಲ. ಬಾಗಿಲು ಒಂದೊಂದು ಮನೆಗೆ, ಒಂದೊಂದು ಅರ್ಜಿಗೆ, ಒಂದೊಂದು ಶುಲ್ಕಕ್ಕೆ ತೆರೆಯುತ್ತದೆ. ಅದನ್ನೇ ಬೀದಿವಾರಾಗಿ, ಹೆಸರುಗಳನ್ನು ಬಿಟ್ಟು, ತಿಂಗಳು ತಿಂಗಳೂ ಪ್ರಕಟಿಸಿದರೆ ಹೊಸ ಕಾಯಿದೆಗಿಂತ ಹೆಚ್ಚು ಉಪಕಾರವಾದೀತು. ಮಾರ್ಗಸೂಚಿ ದರವನ್ನು ಹಲವು ವರ್ಷಗಳಿಗೊಮ್ಮೆ ಹಾರಿಸುವ ಬದಲು ವರ್ಷವರ್ಷವೂ ಸ್ವಲ್ಪಸ್ವಲ್ಪ ತಿದ್ದಬೇಕು. ಶುಲ್ಕ ಇಳಿಯಬೇಕು, ಅದು ಇಳಿದಷ್ಟೂ ಸತ್ಯ ಅಗ್ಗವಾಗುತ್ತದೆ.

ಶುಲ್ಕ ಇಳಿಸಿದರೆ ಬೊಕ್ಕಸಕ್ಕೆ ನಷ್ಟವೆಂಬ ಆಕ್ಷೇಪವುಂಟು, ಅದು ಹಗುರವಾದದ್ದಲ್ಲ. ಶಾಲೆ, ಆಸ್ಪತ್ರೆಗಳ ಖರ್ಚಿಗೆ ರಾಜ್ಯಗಳು ಈ ವರಮಾನವನ್ನು ನೆಚ್ಚಿಕೊಂಡಿವೆ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯಲ್ಲಿ ಶುಲ್ಕವನ್ನು 5ರಿಂದ 2ಕ್ಕೆ ಇಳಿಸಿದಾಗ ನೋಂದಣಿಗಳ ಸಂಖ್ಯೆ ಬಹಳ ಹೆಚ್ಚಿತು. ಜನ ಹೆಚ್ಚು ಪತ್ರ ಮಾಡಿಸಿದರೆಂದು ಅದರಿಂದ ತಿಳಿಯುತ್ತದೆ. ಹೆಚ್ಚು ನಿಜ ಬರೆಸಿದರೆಂದು ಅದರಿಂದ ಸಿದ್ಧವಾಗುವುದಿಲ್ಲ. ಶುಲ್ಕದ ಇಳಿತವೂ ದಾಖಲೆಯ ಪ್ರಕಟಣೆಯೂ ಜೊತೆಯಾಗಿ ನಡೆದಾಗಲೇ ಅದರ ಪರೀಕ್ಷೆ.

ಅಲ್ಲಿಯವರೆಗೆ ನಮ್ಮಂಥವರು ಮಾಡಬಹುದಾದದ್ದು ಸಣ್ಣದು. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ತಾಯಿಯ ಮನೆಯನ್ನು ಮಾರಬೇಕೆಂದಿದ್ದಾರೆ. ಅದು ನಮ್ಮ ಮೂರನೆಯ ಅಡ್ಡರಸ್ತೆಯಲ್ಲಿದೆ. "ಸಾರ್, ಎಷ್ಟು ಕೇಳಬಹುದು?" ಎಂದ. ನಾಲಗೆಯ ತುದಿಗೆ ಒಂದು ಅಂಕಿ ಬಂತು. ಅದನ್ನು ನುಂಗಿಕೊಂಡು ಪುಸ್ತಕವನ್ನು ಅವನ ಮುಂದಿಟ್ಟೆ. ಆ ಅಡ್ಡರಸ್ತೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಮಾರಾಟವಾದ ನಾಲ್ಕು ಮನೆಗಳ ಪುಟಗಳನ್ನು ತೋರಿಸಿದೆ, ನಾಲ್ಕಕ್ಕೂ ಇ.ಸಿ. ತೆಗೆಸಿ ನೋಡು, ಕೊಂಡವರಲ್ಲಿ ಒಬ್ಬರನ್ನಾದರೂ ಕಂಡು ಮಾತಾಡು, ಹಲಗೆ ಎಷ್ಟು ತಿಂಗಳು ತೂಗಿತ್ತೆಂದು ಎದುರುಮನೆಯವರನ್ನು ಕೇಳು ಎಂದೆ. ಈ ಎರಡು ಅಂಕಿಗಳ ನಡುವೆ ಎಲ್ಲಿಯೋ ಇರಬೇಕು, ಇದಕ್ಕಿಂತ ನಿಖರವಾಗಿ ಹೇಳುವವರನ್ನು ನಂಬಬೇಡ ಎಂದೆ. ಅವನು ಒಂದು ಗಂಟೆ ಕುಳಿತು ಎಲ್ಲವನ್ನೂ ಬರೆದುಕೊಂಡ. ಏಳುವ ಮುನ್ನ ಮುಖ್ಯೋಪಾಧ್ಯಾಯರ ಮನೆಯ ಪುಟ ಕಣ್ಣಿಗೆ ಬಿದ್ದು, "ಸಾರ್, ಈ ಒಂದು ಪುಟದಲ್ಲಿ ಮಾತ್ರ ಪತ್ರದ ಬೆಲೆಯೂ ಕೊಟ್ಟ ಬೆಲೆಯೂ ಒಂದೇ ಆಗಿವೆಯಲ್ಲ, ತಪ್ಪಿ ಬರೆದಿರಾ?" ಎಂದು ಕೇಳಿದ.

ಇಲ್ಲ, ಸರಿಯಾಗಿಯೇ ಬರೆದಿದ್ದೇನೆ ಎಂದೆ.